ಹದಿನಾರರ ಜಿಗಿತ

ನಮ್ಮ ಅತ್ತೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುವವಳು. ಅತ್ತೆ ಎಂದರೆ ಅಪ್ಪನ ತಂಗಿ. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಜೊತೆಗೇ ಇದ್ದಾಳೆ. ಈ ಗುಣ ಕೇಳುವುದಕ್ಕೆ ಚೆನ್ನಾಗಿದೆ, ಒಂದೇ ಸೂರಿನ ಕೆಳಗೆ ಅದರ ಜೊತೆ ಬಾಳುವುದು ಬೇರೆ. ಅಡುಗೆ ಹೇಗಿದೆ ಎಂದು ಅಮ್ಮ ಕೇಳಿದರೆ, "ನಿನ್ನೆಗಿಂತ ಉಪ್ಪು ಜಾಸ್ತಿ, ಮೊನ್ನೆಗಿಂತ ಕಡಿಮೆ" ಎನ್ನುತ್ತಾಳೆ. "ಇವಳಿಗೆ ಬಡಿಸೋದೂ ಒಂದೇ, ಪರೀಕ್ಷೆಗೆ ಕೂರೋದೂ ಒಂದೇ" ಎಂದು ಅಮ್ಮ ಸೌಟು ಕುಕ್ಕುತ್ತಾಳೆ.

ಅತ್ತೆಯ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು, ಮೆತ್ತಗೆ ಮಾತಾಡುವವರು, ಒಮ್ಮೆ ಅವಳ ಹತ್ತಿರ ಮದುವೆಯ ಮಾತೆತ್ತಿದ್ದರಂತೆ. ನನ್ನ ಜೊತೆ ಸುಖವಾಗಿರುತ್ತೀಯಾ ಎಂದು ಕೇಳಿದರಂತೆ. "ಇರಬಹುದು. ಈಗಲೇ ಹೇಗೆ ಹೇಳಲಿ?" ಎಂದಳಂತೆ ಅತ್ತೆ. ಅವರು ಬೇರೆ ಕಡೆ ಮದುವೆಯಾದರು. ಅಪ್ಪ ಇದನ್ನು ಹೇಳಿ ಹೇಳಿ ನಗುತ್ತಿದ್ದ. ಅತ್ತೆಯೂ ನಗುತ್ತಿದ್ದಳು, ಆದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ.

ಅಪ್ಪ ಉಕ್ಕಿನ ಯಾರ್ಡಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಅಲ್ಲಿ ಅವನಿಗೆ ಹದ್ದು ಎಂದು ಹೆಸರು. ಶೆಡ್ಡಿನ ಉದ್ದಕ್ಕೂ ಮೇಲೆ ಎರಡು ಹಳಿಗಳಿವೆ. ಕ್ರೇನ್ ಅವುಗಳ ಮೇಲೆ ಓಡುತ್ತದೆ. ಅದಕ್ಕೆ ತೂಗುಬಿದ್ದ ಗಾಜಿನ ಕ್ಯಾಬಿನ್ನಿನಲ್ಲಿ ಅಪ್ಪ ಕೂರುತ್ತಿದ್ದ. ಅವನ ಕಾಲ ಕೆಳಗೆ ಒಂದು ಕೊಕ್ಕೆ, ಕೊಕ್ಕೆಯಲ್ಲಿ ಮನೆಯ ಕೋಣೆಯಷ್ಟು ದಪ್ಪನಾದ ಉಕ್ಕಿನ ಸುರುಳಿ. ಭಾರ ಎತ್ತುವುದು ಯಾರಿಗಾದರೂ ಬರುತ್ತದೆ, ಭಾರ ತೂಗಾಡದಂತೆ ನಿಲ್ಲಿಸುವುದು ಕೆಲವರಿಗೇ ಬರುವುದು ಎಂದು ಅಪ್ಪ ಹೇಳುತ್ತಿದ್ದ. ತಾತ ತೀರಿಕೊಂಡಾಗ ಅಪ್ಪನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಮೊದಲು ಗ್ರೀಸ್ ಹಚ್ಚುವ ಕೆಲಸ, ಆಮೇಲೆ ಕ್ಯಾಬಿನ್. ಅತ್ತೆ ಓದಿದ್ದು ಆ ಕ್ಯಾಬಿನ್ನಿನ ದುಡಿಮೆಯಲ್ಲಿ. ಓದು ಮುಗಿದ ಮೇಲೆ ಅದೇ ಯಾರ್ಡಿನ ಕಂಪ್ಯೂಟರ್ ವಿಭಾಗದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಅವಳು ಕೆಳಗೆ ಆಫೀಸಿನಲ್ಲಿ, ಅವನು ಮೇಲೆ ಗಾಜಿನಲ್ಲಿ.

ಹೋದ ವರ್ಷ ಇನ್ನೊಂದು ಶೆಡ್ಡಿನಲ್ಲಿ ಒಂದು ಅಪಘಾತವಾಯಿತು. ನೆಲದ ಮೇಲೆ ನಿಂತು ಕೈಸನ್ನೆ ಮಾಡುವವನು ನಿಲ್ಲಿಸು ಎಂದು ಕೈ ಎತ್ತಿದ್ದ. ಮೇಲಿದ್ದವನು ನಿಲ್ಲಿಸಿದ, ಆದರೆ ತಡವಾಯಿತು. ಸುರುಳಿ ಕೆಳಗಿದ್ದವನ ಕಾಲಿನ ಮೇಲೆ ಬಂದು ಕೂತಿತು. ಕಾಲು ಉಳಿಯಲಿಲ್ಲ. ಅವನ ಹೆಂಡತಿಗೆ ವಿಷಯ ತಿಳಿಸಲು ಹೋದವರು ಸುರಕ್ಷತೆಯ ಅಧಿಕಾರಿ. ಅವರನ್ನು ಯಾರ್ಡಿನಲ್ಲಿ ಎಲ್ಲರೂ ಸೇಫ್ಟಿ ಸಾಹೇಬರು ಎನ್ನುತ್ತಾರೆ. ಅಲ್ಲಿಂದ ವಾಪಸ್ ಬಂದ ಮೇಲೆ ಅವರು ಒಂದು ನಿಯಮ ತಂದರು: ಕ್ರೇನ್ ಓಡಿಸುವವರೆಲ್ಲ ಪರೀಕ್ಷೆ ಕೊಡಬೇಕು. ಮುಂದೆ ಮೂರು ಬಣ್ಣದ ದೀಪಗಳು, ಕೈಯಡಿ ಮೂರು ಲಿವರ್‌ಗಳು. ಯಾವ ದೀಪ ಹೊತ್ತಿತೋ ಆ ಲಿವರ್ ಎಳೆಯಬೇಕು. ದೀಪ ಹೊತ್ತಿದ ಗಳಿಗೆಯಿಂದ ಲಿವರ್ ಎಳೆದ ಗಳಿಗೆಯವರೆಗೆ ಅರ್ಧ ಸೆಕೆಂಡ್ ದಾಟಬಾರದು. ಮೂರು ಸಲದಲ್ಲಿ ನಡುವಿನ ಅಂಕಿಯೇ ಲೆಕ್ಕ. ದಾಟಿದವರು ಕ್ಯಾಬಿನ್ ಬಿಟ್ಟು ನೆಲಕ್ಕೆ ಇಳಿಯಬೇಕು.

ಆ ಪರೀಕ್ಷೆಯ ಪ್ರೋಗ್ರಾಂ ಬರೆದವಳು ಅತ್ತೆ.

ಅಪ್ಪನಿಗೆ ಬಂದದ್ದು ಐನೂರ ಹದಿನಾರು. ಎಂದರೆ ಸೆಕೆಂಡಿನ ಸಾವಿರ ಭಾಗದಲ್ಲಿ ಐನೂರ ಹದಿನಾರು, ಐನೂರಿದ್ದರೆ ಪಾಸು. ಹದಿನಾರು ಭಾಗಕ್ಕೆ ಅಪ್ಪ ಫೇಲಾದ. ಕಣ್ಣು ಮುಚ್ಚಿ ತೆರೆಯುವುದಕ್ಕೆ ಇದರ ಎಷ್ಟೋ ಪಟ್ಟು ಹೊತ್ತು ಬೇಕು ಎಂದು ಅತ್ತೆ ನನಗೆ ಆಮೇಲೆ ಹೇಳಿದಳು.

ಆ ದಿನ ಸಂಜೆ ಮೀಸೆ ಮಾಮ ನಮ್ಮ ಮನೆಗೆ ಬಂದಿದ್ದರು. ಅವರು ಅಪ್ಪನ ಪಕ್ಕದ ಕ್ರೇನಿನವರು, ಅಪ್ಪನಿಗಿಂತ ಒಂದು ವರ್ಷ ದೊಡ್ಡವರು. ಮೀಸೆ ಅವರಿಗಿಂತ ಮೊದಲು ಬಾಗಿಲು ದಾಟಿ ಬರುತ್ತದೆ ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ಅವರಿಗೆ ಐನೂರು ಬಂದಿತ್ತು. ಸರಿಯಾಗಿ ಐನೂರು.

"ಕೂದಲೆಳೆಯಲ್ಲಿ ಬಚಾವಾದೆ ಕಣೋ ಹದ್ದು" ಎಂದರು ಮಾಮ. "ನನ್ನ ಮೀಸೆದೇ ಒಂದು ಕೂದಲು ಇರಬೇಕು."

"ನಿನಗೇನಪ್ಪ, ನಗ್ತೀಯ" ಎಂದ ಅಪ್ಪ. ಅವನೂ ನಗಲು ನೋಡಿ ಅತ್ತೆಯ ಕಡೆ ತಿರುಗಿದ. "ಲೇ ಪುಟ್ಟಿ, ನಿನ್ನ ಮಷೀನ್‌ಗೆ ಬರೋದು ನಾಲ್ಕೇ ಅಂಕಿನಾ? ಇವನಿಗೆ ಐನೂರು. ಮೂರನೇ ಶೆಡ್ಡಿನ ಹೊಸ ಹುಡುಗನಿಗೆ ನನ್ನಂತೆ ಐನೂರ ಹದಿನಾರು. ಉಳಿದವರಿಗೆಲ್ಲ ನಾನೂರ ಎಂಬತ್ನಾಲ್ಕು, ನಾನೂರ ಅರವತ್ತೊಂಬತ್ತು. ಕ್ಯಾಂಟೀನಲ್ಲಿ ಎಲ್ಲರೂ ಹೋಲಿಸಿ ನೋಡಿದ್ವಿ. ಎಲ್ಲ ಒಂದೇ ಬಟ್ಟೆಯಲ್ಲಿ ಹೊಲಿಸಿದ ಅಂಗಿ ಥರ."

"ನಾಲ್ಕೇ ಅಂಕಿ ಸಾಕು ಅಂದಿದ್ರೆ ನಾನೂ ಓದಿ ಇಂಜಿನಿಯರ್ ಆಗಬಹುದಿತ್ತು" ಎಂದರು ಮಾಮ.

ಅಮ್ಮ ನಕ್ಕಳು. ಅತ್ತೆ ನಗಲಿಲ್ಲ. ಎಲ್ಲರೂ ನಕ್ಕು ಮುಗಿಸಿದ ಮೇಲೂ ನಗಲಿಲ್ಲ. ತಟ್ಟೆ ಮುಂದೆ ತಳ್ಳಿ, "ಅಣ್ಣ, ನಾನೂರ ತೊಂಬತ್ತು ಯಾರಿಗೂ ಬಂದಿಲ್ವಾ? ಐನೂರ ಐದು? ಐನೂರ ಹತ್ತು?" ಎಂದು ಕೇಳಿದಳು.

"ಇಲ್ಲಮ್ಮ."

"ಒಬ್ಬರಿಗೂ?"

"ಒಬ್ಬರಿಗೂ ಇಲ್ಲ. ಯಾಕೆ, ಬರಬೇಕಿತ್ತಾ?"

ಅತ್ತೆ ಎದ್ದು ಕೈ ತೊಳೆಯಲು ಹೋದಳು. ನಲ್ಲಿಯ ನೀರು ತುಂಬಾ ಹೊತ್ತು ಬೀಳುತ್ತಲೇ ಇತ್ತು.

ಅವಳಿಗೆ ಆಗ ಹೊಳೆದದ್ದನ್ನು ನಾನು ಸರಿಯಾಗಿ ಹೇಳಬೇಕು. ಅವಳು ಎಷ್ಟೋ ಸಲ ಬಿಡಿಸಿ ಹೇಳಿದ್ದರಿಂದ ಹೇಳಬಲ್ಲೆ ಎಂದುಕೊಂಡಿದ್ದೇನೆ. ಕಂಪ್ಯೂಟರಿನೊಳಗೆ ಒಂದು ಗಡಿಯಾರ ಇರುತ್ತದೆ. ಪ್ರೋಗ್ರಾಂ ಹೊತ್ತು ಎಷ್ಟು ಎಂದು ಕೇಳಿದರೆ ಅದು ಹೇಳುತ್ತದೆ. ನೀನು ಎಷ್ಟು ಸೂಕ್ಷ್ಮವಾಗಿ ಹೇಳುತ್ತೀಯ ಎಂದೂ ಅದನ್ನು ಕೇಳಬಹುದು. ಅತ್ತೆ ಕೇಳಿದ್ದಳು. ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಎಂದು ಅದು ಹೇಳಿತ್ತು. ಅತ್ತೆ ಆ ಉತ್ತರವನ್ನು ಹಾಗೇ ಪರದೆಯ ತುದಿಯಲ್ಲಿ ಬರುವಂತೆ ಮಾಡಿದ್ದಳು: ಗಡಿಯಾರದ ಸೂಕ್ಷ್ಮತೆ, ಸಾವಿರದಲ್ಲಿ ಒಂದು. ಅಂಥ ಸಾಲು ಬೇಕೆಂದು ಯಾರೂ ಕೇಳಿರಲಿಲ್ಲ. ಅಳೆಯುವ ಯಾವ ಸಾಧನವೂ ತಾನು ಎಲ್ಲಿಯವರೆಗೆ ನಂಬಿಕೆಗೆ ಅರ್ಹ ಎಂದು ತಾನೇ ಹೇಳಬೇಕು ಎಂಬುದು ಅವಳ ಆಸೆ.

ಆದರೆ ಗಡಿಯಾರ ಹೇಳಿದ್ದು ತಾನು ಯಾವ ಗೆರೆಗಳಲ್ಲಿ ಮಾತಾಡುತ್ತೇನೆ ಎಂಬುದನ್ನು, ಯಾವ ಹೆಜ್ಜೆಯಲ್ಲಿ ನಡೆಯುತ್ತೇನೆ ಎಂಬುದನ್ನಲ್ಲ. ಒಂದು ಅಳತೆಪಟ್ಟಿಯ ಮೇಲೆ ಸಾವಿರ ಸಣ್ಣ ಗೆರೆಗಳಿವೆ ಎಂದುಕೊಳ್ಳಿ. ಮುಳ್ಳು ಮಾತ್ರ ಹದಿನಾರು ಗೆರೆಗೊಮ್ಮೆ ಜಿಗಿದು ಕೂರುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ನೋಡುವವರಿಗೆ ಗೆರೆಗಳು ಕಾಣುತ್ತವೆ, ಜಿಗಿತ ಕಾಣುವುದಿಲ್ಲ. ಅತ್ತೆ ಪ್ರೋಗ್ರಾಂ ಬರೆದು ಪರೀಕ್ಷಿಸಿದ್ದು ತನ್ನ ಮೇಜಿನ ಮೇಲಿದ್ದ ಕಂಪ್ಯೂಟರಿನಲ್ಲಿ. ಅದರ ಮುಳ್ಳು ಒಂದೊಂದೇ ಗೆರೆ ನಡೆಯುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಇಟ್ಟದ್ದು ಉಗ್ರಾಣದಿಂದ ತಂದ ಹಳೆಯದನ್ನು.

ಮರುದಿನ ಬೆಳಗ್ಗೆ ಅವಳು ಆ ಹಳೆಯ ಕಂಪ್ಯೂಟರಿನ ಮುಂದೆ ಕೂತಳು. ಈ ಸಲ ಗಡಿಯಾರವನ್ನು ಅದರ ಸೂಕ್ಷ್ಮತೆ ಏನೆಂದು ಕೇಳಲಿಲ್ಲ. ಹೊತ್ತೆಷ್ಟು, ಹೊತ್ತೆಷ್ಟು, ಹೊತ್ತೆಷ್ಟು ಎಂದು ಬಿಡದೆ ಕೇಳುತ್ತಲೇ ಇರುವ ಒಂದು ಚಿಕ್ಕ ಪ್ರೋಗ್ರಾಂ ಬರೆದಳು. ಸಾವಿರಾರು ಸಲ ಅದೇ ಉತ್ತರ, ಆಮೇಲೆ ಒಮ್ಮೆಲೇ ಬೇರೆ ಉತ್ತರ. ಎರಡರ ನಡುವಿನ ಅಂತರ ಪರದೆಯ ಮೇಲೆ ಸಾಲಾಗಿ ಬಿದ್ದಿತು. ಹದಿನಾರು, ಹದಿನೈದು, ಹದಿನಾರು, ಹದಿನಾರು, ಹದಿನೈದು. ಒಂದು ಎಂಬುದು ಎಲ್ಲೂ ಇರಲಿಲ್ಲ.

ಅದನ್ನು ಮತ್ತೆರಡು ಸಲ ಓಡಿಸಿ ನೋಡಿದೆ ಎಂದು ಅತ್ತೆ ನನಗೆ ಹೇಳಿದ್ದಾಳೆ.

ಆ ಸಂಜೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಪ್ಪ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಅಪ್ಪ ಸ್ಟೂಲಿನ ಮೇಲೆ ಕೂತಿದ್ದ.

"ಅಂದ್ರೆ ಇವರು ಫೇಲಾಗಿಲ್ಲ" ಎಂದಳು ಅಮ್ಮ.

"ಹಾಗಲ್ಲ ಅತ್ತಿಗೆ. ಆಗಿದ್ದಾನೋ ಇಲ್ವೋ ಗೊತ್ತಿಲ್ಲ. ದೀಪ ಹೊತ್ತಿದ್ದು ಒಂದು ಜಿಗಿತದ ಒಳಗೆ ಎಲ್ಲೋ, ಲಿವರ್ ಎಳೆದದ್ದು ಇನ್ನೊಂದರ ಒಳಗೆ ಎಲ್ಲೋ. ಐನೂರ ಹದಿನಾರು ಅಂತ ಬಂದ್ರೆ ನಿಜವಾದದ್ದು ಐನೂರರಿಂದ ಐನೂರ ಮೂವತ್ತೊಂದರ ಮಧ್ಯೆ ಎಲ್ಲಾದರೂ ಇರಬಹುದು."

"ಐನೂರೇ ಇರಬಹುದು ತಾನೆ?"

"ಇರಬಹುದು. ಅದೇ ತುದಿ."

"ಹಾಗಾದ್ರೆ ಆ ಒಂದು ಅಂಕಿ ತಿದ್ದಿಬಿಡು ಮಾರಾಯ್ತಿ! ನೀನೇ ಬರೆದದ್ದು, ನೀನೇ ತಿದ್ದು. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ ಅತ್ತಿಗೆ."

"ಓಹೋ. ನಿನ್ನನ್ನ ಓದಿಸಿದ್ದು ಯಾರು ಅನ್ನೋದು ಗೊತ್ತಾಗಲ್ಲ, ಇದು ಮಾತ್ರ ಗೊತ್ತಾಗುತ್ತೆ."

"ಸುಮ್ಮನಿರೇ" ಎಂದ ಅಪ್ಪ. ಅವನ ದನಿ ಗಟ್ಟಿಯಾಗಿರಲಿಲ್ಲ. "ನೀನು ಏನು ಮಾಡಬೇಕು ಅಂತಿದೀಯ ಪುಟ್ಟಿ?"

"ಸಾಹೇಬರಿಗೆ ಹೇಳ್ತೀನಿ. ಒಳಗೆ ಇನ್ನೊಂದು ಎಣಿಕೆ ಇದೆ, ತುಂಬಾ ಸಣ್ಣ ಹೆಜ್ಜೆಯದು. ಅದನ್ನ ಬಳಸಿ ಬರೆದ್ರೆ ನಿಜವಾಗಿ ಸಾವಿರದಲ್ಲಿ ಒಂದು ಭಾಗ ಅಳೀಬಹುದು. ಪರೀಕ್ಷೆ ಮತ್ತೆ ಮಾಡಿ ಅಂತ ಕೇಳ್ತೀನಿ." ಅಪ್ಪನ ಕಡೆ ತಿರುಗಿದಳು. "ಆದರೆ ಅಣ್ಣ, ನಿನಗೊಬ್ಬನಿಗೇ ಮಾಡಿ ಅಂತ ಕೇಳೋಕಾಗಲ್ಲ. ಮೀಸೆಯಣ್ಣನ ಐನೂರೂ ಅಷ್ಟೇ. ಅದು ನಾನೂರ ಎಂಬತ್ನಾಲ್ಕರಿಂದ ಐನೂರ ಹದಿನಾರರವರೆಗೆ ಎಲ್ಲಾದರೂ ಇರಬಹುದು. ಅವರೂ ಮತ್ತೆ ಕೂರಬೇಕಾಗುತ್ತೆ."

ಅಮ್ಮನ ಚಾಕು ನಿಂತಿತು. ಅಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ಲಿವರ್ ಹಿಡಿದು ಹಿಡಿದು ಅವನ ಹೆಬ್ಬೆರಳ ಬುಡದಲ್ಲಿ ಒಂದು ಗಂಟು ಬೆಳೆದಿತ್ತು. ಯೋಚನೆ ಬಂದಾಗ ಅದನ್ನು ಒತ್ತಿಕೊಳ್ಳುತ್ತಿದ್ದ.

"ಅವನು ಪಾಸಾಗ್ತಾನೆ ಬಿಡು" ಎಂದ ಕೊನೆಗೆ. "ನನಗಿಂತ ಚುರುಕು ಅವನು. ಹೇಳು, ಹೋಗಿ ಹೇಳು."

ಅಪ್ಪ ಹಾಗೆ ಹೇಳಿದ್ದು ನಂಬಿ ಹೇಳಿದ್ದೋ, ಕ್ಯಾಬಿನ್ ಬಿಡಲಾಗದೆ ಹೇಳಿದ್ದೋ ನನಗೆ ತಿಳಿಯದು. ಅತ್ತೆಗೂ ತಿಳಿಯದು. ಅವಳು ಅದನ್ನು ಅವನ ಹತ್ತಿರ ಕೇಳಲಿಲ್ಲ.

ಸಾಹೇಬರ ಕೋಣೆಯಲ್ಲಿ ನಡೆದದ್ದನ್ನು ಅತ್ತೆ ಹೇಳಿದಂತೆ ಬರೆಯುತ್ತೇನೆ. ಸಾಹೇಬರು ಸಿಟ್ಟಾಗಲಿಲ್ಲ. ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮಣ್ಣ ಫೇಲಾದ ಮೇಲೆ ಕಂಡಿತಾ ಇದು?"

"ಹೌದು ಸರ್."

"ಪಾಸಾಗಿದ್ದರೆ ಕಾಣ್ತಿತ್ತಾ?"

"ಇಲ್ಲವೇನೋ ಸರ್. ಹೇಳಲಾರೆ."

"ಬೇರೆ ಯಾರಾದರೂ ಆಗಿದ್ರೆ ಖಂಡಿತ ಕಾಣ್ತಿತ್ತು ಅಂತಿದ್ರು." ಅವರು ಕಣ್ಣು ಉಜ್ಜಿಕೊಂಡರಂತೆ. "ಇದನ್ನ ಮೇಲಿನವರಿಗೆ ಏನಂತ ಹೇಳಲಿ? ಗಡಿಯಾರ ಸುಳ್ಳು ಹೇಳ್ತು ಅಂತಾನಾ?"

"ಗಡಿಯಾರ ಸುಳ್ಳು ಹೇಳಲಿಲ್ಲ ಸರ್. ನಾನು ಒಂದು ಪ್ರಶ್ನೆ ಕೇಳಿ, ಅದರ ಉತ್ತರಾನ ಇನ್ನೊಂದು ಪ್ರಶ್ನೆಯ ಮುಂದೆ ಬರೆದೆ."

"ಪಾಸಿನ ಗೆರೆ ಸ್ವಲ್ಪ ಮೇಲಿಟ್ಟರೆ ಆಗುತ್ತಾ? ಐನೂರ ಮೂವತ್ತು ಅಂತ? ಎಲ್ಲರೂ ಅದರೊಳಗೇ ಬರ್ತಾರೆ. ನಿಮಗೂ ನೆಮ್ಮದಿ, ನನಗೂ ನೆಮ್ಮದಿ."

ಅತ್ತೆ ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಸಾಹೇಬರು ಕಿಟಕಿಯಿಂದ ಆಚೆ ನೋಡಿದರು. ಅಲ್ಲಿ ಒಂದು ಸುರುಳಿ ಮೇಲೇರುತ್ತಿತ್ತು, ಅದರ ಕೆಳಗೆ ಹಳದಿ ಟೋಪಿಯ ಒಬ್ಬ ಕೈ ಎತ್ತಿ ನಿಂತಿದ್ದ.

"ಬೇಡ" ಎಂದು ತಾವೇ ಹೇಳಿದರು. "ಎಲ್ಲರಿಗೂ ಮತ್ತೆ ಮಾಡೋಣ. ಆ ಕೋಣೆಯಲ್ಲಿ ನೀವು ಇರಬಾರದು. ಪ್ರೋಗ್ರಾಂ ಬರೆದುಕೊಡಿ, ಓಡಿಸುವವರು ಬೇರೆಯವರು ಇರ್ತಾರೆ."

ಅತ್ತೆ ಆ ಸಣ್ಣ ಹೆಜ್ಜೆಯ ಎಣಿಕೆಯನ್ನೇ ಬಳಸಿ ಹೊಸದಾಗಿ ಬರೆದಳು. ಪರದೆಯ ತುದಿಯ ಸಾಲನ್ನು ಅವಳು ತೆಗೆಯಲಿಲ್ಲ, ಬದಲಾಯಿಸಿದಳು. ಈಗ ಪ್ರೋಗ್ರಾಂ ಪ್ರತಿ ಸಲ ಶುರುವಾಗುವಾಗಲೂ ಗಡಿಯಾರವನ್ನು ತಾನೇ ಕಾದು ನೋಡಿ, ಅದು ಜಿಗಿಯುವ ಅಂತರವನ್ನು ಅಳೆದು, ಅಳೆದದ್ದನ್ನೇ ಬರೆಯುತ್ತದೆ. ಅಂತರ ಒಂದು ಭಾಗಕ್ಕಿಂತ ದೊಡ್ಡದಿದ್ದರೆ ಪರೀಕ್ಷೆ ಶುರುವಾಗುವುದೇ ಇಲ್ಲ. ಈ ಗಡಿಯಾರದಿಂದ ಅಳೆಯಲಾಗದು ಎಂದು ಹೇಳಿ ನಿಲ್ಲುತ್ತದೆ. ಒಂದೊಂದು ಸಾಲನ್ನೂ ಅವಳು ಪರೀಕ್ಷೆಯ ಕೋಣೆಯ ಹಳೆಯ ಕಂಪ್ಯೂಟರಿನಲ್ಲೇ ಓಡಿಸಿ ನೋಡಿದಳು.

ಯಾರ್ಡಿನಲ್ಲಿ ಮಾತು ಬೇರೆಯೇ ಹರಡಿತು. ಹದ್ದಿನ ತಂಗಿ ಅಣ್ಣನಿಗಾಗಿ ಪರೀಕ್ಷೆಯನ್ನೇ ಬದಲಾಯಿಸಿದಳು ಎಂದರು. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರೋ, "ನಮಗೂ ಒಬ್ಬಳು ತಂಗಿ ಇರಬೇಕಿತ್ತಪ್ಪ" ಎಂದರಂತೆ. ಅಪ್ಪ ತಿರುಗಿ ಎದ್ದುನಿಂತ. ಅತ್ತೆ ಅವನ ತೋಳು ಹಿಡಿದು ಕೂರಿಸಿದಳು.

ಎರಡನೇ ಪರೀಕ್ಷೆಯ ದಿನ ಅತ್ತೆ ಆ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮೀಸೆ ಮಾಮ ಒಳಗೆ ಹೋಗುವ ಮೊದಲು ಅವಳ ಮುಂದೆ ನಿಂತು, "ಏನಮ್ಮ ಪುಟ್ಟಿ, ಈ ಸಲನಾದರೂ ಐದಾರು ಅಂಕಿ ಕಲಿಸಿದೀಯ ನಿನ್ನ ಮಷೀನ್‌ಗೆ?" ಎಂದರು. ಅವರು ಕೈಯನ್ನು ಪ್ಯಾಂಟಿನ ಬದಿಗೆ ಒರೆಸಿಕೊಳ್ಳುತ್ತಲೇ ಇದ್ದರು. ಅತ್ತೆ, "ಕಲಿಸಿದೀನಣ್ಣ" ಎಂದಳು.

ಮಾಮನಿಗೆ ಐನೂರ ಏಳು ಬಂತು.

ಅಪ್ಪನಿಗೆ ಐನೂರ ಹನ್ನೆರಡು.

ಮೂರನೇ ಶೆಡ್ಡಿನ ಹೊಸ ಹುಡುಗನಿಗೆ ನಾನೂರ ತೊಂಬತ್ತೇಳು. ಉಳಿದವರೆಲ್ಲ ಮೊದಲಿನಂತೆ ಗೆರೆಯ ಈಚೆಗೇ ಇದ್ದರು. ಈ ಸಲ ಒಬ್ಬರ ಅಂಕಿಯೂ ಇನ್ನೊಬ್ಬರಂತಿರಲಿಲ್ಲ. ಎಲ್ಲವೂ ಬೇರೆ ಬೇರೆ, ಎಲ್ಲವೂ ನಿಜ.

ಅಪ್ಪ ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಮಾಮ ಗೇಟಿನವರೆಗೆ ಹೋಗಿದ್ದವರು ತಿರುಗಿ ಬಂದರು.

"ಪುಟ್ಟಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ವಿಷಯ ಅರ್ಥವಾಗದೆ ಕೇಳುವವರಂತೆ ಕೇಳಿದರು. "ನಾನು ಪಾಸಾಗಿದ್ದೆ ಅಲ್ವೇನಮ್ಮ?"

"ಇಲ್ಲಣ್ಣ" ಎಂದಳು ಅತ್ತೆ. "ನೀವು ಪಾಸಾಗಿದ್ರೋ ಇಲ್ವೋ ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಅಂತ ಬರೆದಿದ್ದೆ."

ಮಾಮ ತಲೆಯಾಡಿಸಿದರು. ಅಪ್ಪನ ಕಡೆ ನೋಡಿದರು. ಅಪ್ಪ ನೆಲ ನೋಡುತ್ತಿದ್ದ. "ಬರ್ತೀನಿ ಕಣೋ" ಎಂದು ಹೇಳಿ ಹೋದರು. ಆ ಬರ್ತೀನಿ ಎಂಬುದು ಬರಿಯ ಮಾತಾಯಿತು. ನೆಲದ ಕೆಲಸ ಅವರಿಗೆ ಒಗ್ಗಲಿಲ್ಲ, ಸೊಂಟ ಹಿಡಿಯಿತು. ಕೆಲವು ವಾರ ನೋಡಿ ಕೆಲಸ ಬಿಟ್ಟರು. ಮಗಳ ಮನೆಯಲ್ಲಿ ಇದ್ದಾರೆ ಎಂದು ಕೇಳಿದ್ದೇವೆ. ನಮ್ಮ ಮನೆಯ ಬಾಗಿಲಿಗೆ ಅವರು ಮತ್ತೆ ಬರಲಿಲ್ಲ, ಅಪ್ಪನೂ ಅಲ್ಲಿಗೆ ಹೋಗಲಿಲ್ಲ.

ಅಪ್ಪನನ್ನು ಉಗ್ರಾಣಕ್ಕೆ ಹಾಕಿದರು. ಅಲ್ಲಿ ಕಿಟಕಿ ಇಲ್ಲ. ಕೈಗವಸು ಕೊಡುವುದು, ಹರಿದದ್ದನ್ನು ವಾಪಸ್ ತೆಗೆದುಕೊಳ್ಳುವುದು, ಬೋಲ್ಟುಗಳನ್ನು ಅಳತೆ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುವುದು. ಅವನ ಕ್ರೇನಿಗೆ ಮೂರನೇ ಶೆಡ್ಡಿನ ಹೊಸ ಹುಡುಗ ಬಂದ.

ಆ ಹುಡುಗ ಒಂದು ರಜೆಯ ದಿನ ನಮ್ಮ ಮನೆಗೆ ಬಂದಿದ್ದ. ಬಾಗಿಲು ತೆರೆದವಳು ಅಮ್ಮ. ಅವನ ಕೈಯಲ್ಲಿ ಹಣ್ಣಿನ ಚೀಲ ಇತ್ತು. "ಅಕ್ಕನ್ನ ನೋಡಬೇಕಿತ್ತು" ಎಂದ. ಅತ್ತೆ ಹೊರಗೆ ಬಂದಾಗ, "ಅಕ್ಕ, ನೀವು ಹೇಳದೆ ಇದ್ದಿದ್ರೆ ನಾನು ಇಷ್ಟೊತ್ತಿಗೆ ನೆಲದ ಮೇಲೆ ಇರ್ತಿದ್ದೆ. ನಮ್ಮಮ್ಮ ನಿಮ್ಮನ್ನ ದಿನಾ ನೆನೀತಾರೆ" ಎಂದ. ಒಳಗಿನ ಕುರ್ಚಿಯಲ್ಲಿ ಅಪ್ಪ ಕೂತಿರುವುದನ್ನು ಅವನು ಆಗ ನೋಡಿದ. ಪಾಪ, ಅವನ ಮುಖ ಕೆಂಪಾಯಿತು.

"ಬಾರಪ್ಪ, ಒಳಗೆ ಬಾ" ಎಂದ ಅಪ್ಪ. "ಮೂರನೇ ಕಂಬದ ಹತ್ತಿರ ಹಳಿ ಸ್ವಲ್ಪ ಜಗ್ಗಿದೆ, ನೋಡ್ಕೊಂಡಿದೀಯಾ? ಅಲ್ಲಿ ಭಾರ ತಾನಾಗೇ ಎಡಕ್ಕೆ ವಾಲುತ್ತೆ. ಮುಂಚೆಯೇ ನಿಧಾನ ಮಾಡಬೇಕು."

"ಹ್ಞೂಂ ಅಂಕಲ್, ಗಮನಿಸಿದೀನಿ."

"ಗಮನಿಸಿದೀಯ. ಸರಿ ಹಾಗಾದ್ರೆ."

ಹುಡುಗ ನೀರು ಕುಡಿದು ಹೊರಟ. ಹಣ್ಣಿನ ಚೀಲವನ್ನು ಯಾರೂ ಬಿಚ್ಚಲಿಲ್ಲ. ಕೊಳೆಯುವ ಮುನ್ನ ಅಮ್ಮ ಪಕ್ಕದ ಮನೆಗೆ ಕೊಟ್ಟಳು.

ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಕೊಡಬಹುದು ಎಂದು ನಿಯಮದಲ್ಲಿತ್ತು. ಅಪ್ಪ ಅದನ್ನೇ ಹಿಡಿದುಕೊಂಡ. ಮನೆಯಲ್ಲಿದ್ದ ಕಂಪ್ಯೂಟರಿನಲ್ಲಿ ಅದೇ ಥರದ್ದನ್ನು ಮಾಡಿಕೊಡು ಎಂದು ಅತ್ತೆಯನ್ನು ಕೇಳಿದ. ಪರದೆಯ ಮೇಲೆ ಮೂರು ಬಣ್ಣದ ಚೌಕ, ಕೀಲಿಮಣೆಯಲ್ಲಿ ಮೂರು ಗುಂಡಿ. ಮೂಲೆಯಲ್ಲಿ ಹೊತ್ತು ಓಡುವುದು ಕಾಣುತ್ತಿತ್ತು. ಹತ್ತಿರದ ಸಣ್ಣ ಅಂಕಿಗೆ ಕಣ್ಣು ಸಾಲದೆ ಅಪ್ಪ ಅತ್ತೆಯನ್ನೇ ಕೇಳುತ್ತಿದ್ದ. ಕೆಲಸದಿಂದ ಬಂದು ಮುಖ ತೊಳೆದವನೇ ಅವಳನ್ನು ಕರೆದು ಕೂರುತ್ತಿದ್ದ.

"ಎಷ್ಟು?"

"ಐನೂರ ಹದಿನೆಂಟು."

"ಇನ್ನೊಂದ್ಸಲ. ಎಷ್ಟು?"

"ಐನೂರ ಇಪ್ಪತ್ತೊಂದು."

"ಆಯಾಸ ಕಣೆ ಇವತ್ತು. ಇನ್ನೊಂದ್ಸಲ."

ಕೆಲವು ದಿನ ಐನೂರ ಹತ್ತಕ್ಕೆ ಇಳಿಯುತ್ತಿತ್ತು. ಆ ದಿನ ಅಪ್ಪ ಊಟದ ಹೊತ್ತಿಗೆ ಯಾರದಾದರೂ ಕಾಲೆಳೆಯುತ್ತಿದ್ದ. ಆಮೇಲೆ ಅದು ಇಳಿಯಲಿಲ್ಲ. ತಿಂಗಳು ಕಳೆದಂತೆ ಐನೂರ ಮೂವತ್ತು ಮಾಮೂಲಾಯಿತು. ಉಗ್ರಾಣದಲ್ಲಿ ಏನನ್ನೂ ಬೇಗ ಮಾಡುವ ಅಗತ್ಯ ಇರುತ್ತಿರಲಿಲ್ಲ. ಅದರಿಂದಲೋ, ವಯಸ್ಸಿನಿಂದಲೋ ಯಾರಿಗೆ ಗೊತ್ತು.

ಅಮ್ಮ ಒಂದು ದಿನ ಅತ್ತೆಯನ್ನು ಬಟ್ಟೆ ಒಣಗಿಸುವ ಜಾಗದಲ್ಲಿ ಹಿಡಿದು ನಿಲ್ಲಿಸಿದಳು. ಅಮ್ಮ ಅವಳ ಜೊತೆ ಸರಿಯಾಗಿ ಮಾತಾಡಿ ಎಷ್ಟೋ ದಿನವಾಗಿತ್ತು.

"ಒಂದೇ ಒಂದ್ಸಲ ಐನೂರರ ಒಳಗೆ ಬಂತು ಅನ್ನೇ. ನಿನಗೆ ಕೈ ಮುಗೀತೀನಿ. ಮನೆಯೊಳಗೆ ತಾನೆ? ಇಲ್ಲಿ ಯಾವ ಸುರುಳಿ ಯಾರ ಕಾಲ ಮೇಲೆ ಬೀಳುತ್ತೆ?"

"ಅವನು ನಂಬ್ತಾನೆ ಅತ್ತಿಗೆ. ನಂಬಿ ನಾಳೆ ಸಾಹೇಬರ ಹತ್ರ ಹೋಗ್ತಾನೆ. ಎಲ್ಲರ ಎದುರಿಗೆ ಮತ್ತೆ ಬೀಳ್ತಾನೆ."

"ಒಂದು ರಾತ್ರಿ ನಿದ್ದೆನಾದರೂ ಮಾಡ್ತಾನಲ್ಲೇ."

ಅತ್ತೆ ಒದ್ದೆ ಬಟ್ಟೆ ಹಿಡಿದು ನಿಂತೇ ಇದ್ದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನನಗೆ ಬರಲ್ಲ ಅತ್ತಿಗೆ" ಎಂದಳು.

ಆ ಸಂಜೆಯೂ ಅಪ್ಪ ಅವಳನ್ನು ಕರೆದ. ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಮೊದಲ ಸಲ ಮುಗಿಯಿತು.

"ಎಷ್ಟು?"

ಅತ್ತೆ ತಿರುಗಿ ನೋಡಿದಳು. ಬಾಗಿಲಲ್ಲಿ ಅಮ್ಮ ನಿಂತಿದ್ದಳು.

"ಎಷ್ಟೇ?"

"ಐನೂರ ನಲವತ್ತೊಂದು ಅಣ್ಣ."

"ನಿನ್ನೆಗಿಂತ?"

"ಜಾಸ್ತಿ."

ಅಮ್ಮ ಒಳಗೆ ಹೋದಳು. ಅಪ್ಪ ಹೆಬ್ಬೆರಳ ಬುಡವನ್ನು ಒತ್ತಿಕೊಂಡ. "ಇನ್ನೊಂದ್ಸಲ ಹಾಕು" ಎಂದ. ಅತ್ತೆ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಹಸಿರು ಚೌಕ ಹೊತ್ತಿಕೊಂಡಿತು. ಅಪ್ಪನ ಬೆರಳು ಗುಂಡಿಯ ಮೇಲೇ ಇತ್ತು. ಅವನು ಒತ್ತಲಿಲ್ಲ.

"ಅಣ್ಣ, ಹೊತ್ತಿದೆ."

"ಕಾಣ್ತಿದೆ ಪುಟ್ಟಿ."

ಅವನು ಬೆರಳು ತೆಗೆದು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಮೂಲೆಯಲ್ಲಿ ಅಂಕಿ ಒಂದೊಂದಾಗಿ ಏರುತ್ತಿತ್ತು, ಸಾವಿರ ದಾಟಿತು, ಎರಡು ಸಾವಿರ ದಾಟಿತು. ಅತ್ತೆ ಅದನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಚೌಕದ ಹಸಿರು ಬೆಳಕು ಇಬ್ಬರ ಮುಖದ ಮೇಲೂ ಬಿದ್ದಿತ್ತು. ಅಂಕಿ ಓಡುತ್ತಲೇ ಇತ್ತು.